ತೋಟ ಮಾರುವ ಮುಂಚೆ

ಕಳೆದ ಮಳೆಗಾಲಕ್ಕೆ ಮೊದಲು ಕಾಸರಗೋಡಿನ ಪೆರ್ಲದ ಕಡೆಯ ಅಡಿಕೆ ಕೃಷಿಕರೊಬ್ಬರು ಬಂದಿದ್ದರು. ಬಾಯಿ ತೆರೆಯಲು ಹೇಳಿದೆ. ಮೂರು ಬೆರಳು ಒಟ್ಟಿಗೆ ಹೋಗುವಷ್ಟು ತೆರೆಯಬೇಕಿತ್ತು. ಅವರಿಗೆ ಒಂದೇ ಬೆರಳು. ಕೆನ್ನೆಯ ಒಳಗೆ ತೊಗಲಿನಂತೆ ಗಟ್ಟಿ. ಹೊಗೆಸೊಪ್ಪು ಹಾಕಿ ಎಲೆಯಡಿಕೆ ತಿಂದ ವರ್ಷಗಳು ಅಲ್ಲಿದ್ದವು. ಆಪರೇಷನ್, ರೇಡಿಯೇಷನ್ ಎಲ್ಲ ಆಗಿಯೂ ಕ್ಯಾನ್ಸರ್ ಕುತ್ತಿಗೆಯಲ್ಲಿ ಮರಳಿತ್ತು.

"ಡಾಕ್ಟ್ರೇ, ತೋಟ ಮಾರಿದ್ರೆ ಆ ಹೊಸ ಇಂಜೆಕ್ಷನ್ ಸಿಗ್ತದಾ?"

ಅವರು ಕೇಳಿದ್ದು ಇಮ್ಯುನೊಥೆರಪಿ ಬಗ್ಗೆ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಚಿಕಿತ್ಸೆ. ರೋಗದ ಜೊತೆ ಹೋರಾಡುವ ನಮ್ಮ ರಕ್ತದ ಟಿ-ಕಣಗಳಿಗೆ ಪಿಡಿ-1 ಎಂಬ ಬ್ರೇಕ್ ಇದೆ. ಕ್ಯಾನ್ಸರ್ ಅದನ್ನು ಒತ್ತಿ ಹಿಡಿದು ತಪ್ಪಿಸಿಕೊಳ್ಳುತ್ತದೆ. ನಿವೊಲುಮ್ಯಾಬ್ ಎಂಬ ಇಂಜೆಕ್ಷನ್ ಆ ಹಿಡಿತ ಬಿಡಿಸುತ್ತದೆ. ಪಿಡಿ-1 ಕಂಡುಹಿಡಿದ ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಆದರೆ ಪೂರ್ತಿ ಡೋಸಿನ ಖರ್ಚು ನಮ್ಮ ಮನೆಗಳಿಗೆ ಎಟುಕುವುದಿಲ್ಲ.

ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ಬೇರೆಯೇ ಪ್ರಶ್ನೆ ಕೇಳಿದರು: ಎಷ್ಟು ಕಡಿಮೆ ಕೊಟ್ಟರೆ ಸಾಕು? ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ, ಅಂದರೆ ವಾಡಿಕೆಯ ಡೋಸಿನ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ. ಅದರ ಜೊತೆಗೆ ಅಗ್ಗದ ಮಾತ್ರೆಗಳು. 2022ರಲ್ಲಿ ಫಲಿತಾಂಶ ಬಂತು. ತಲೆ-ಕುತ್ತಿಗೆ ಕ್ಯಾನ್ಸರ್ ಕೈಮೀರಿದವರಲ್ಲಿ, ಬರೀ ಮಾತ್ರೆ ತಿಂದವರ ಪೈಕಿ ಒಂದು ವರ್ಷ ಬದುಕಿದವರು ಶೇ. 16.3. ಈ ಸಣ್ಣ ಡೋಸ್ ಸೇರಿದಾಗ ಶೇ. 43.4. ರೋಗ ವಾಸಿಯಾಯಿತು ಎಂದಲ್ಲ, ಅರ್ಧಕ್ಕಿಂತ ಜಾಸ್ತಿ ಜನ ಆ ವರ್ಷ ದಾಟಲಿಲ್ಲ. ಆದರೂ ನನಗೆ ಇದು ದೊಡ್ಡ ಸಂಶೋಧನೆ. ಕ್ಯಾನ್ಸರ್ ಸಂಶೋಧನೆಯ ನಾಳೆ ಅಂದರೆ ಹೊಸ ಮದ್ದು ಮಾತ್ರ ಅಲ್ಲ, ಇರುವ ಮದ್ದು ಬಡವರ ಮನೆವರೆಗೆ ಬರುವ ದಾರಿಯೂ ಹೌದು ಅಲ್ವಾ?

ಇಂಥ ಟ್ರಯಲ್‌ಗೆ, ಅಂದರೆ ಮದ್ದಿನ ಪ್ರಯೋಗಕ್ಕೆ, ಸೇರಲು ಯಾರಾದರೂ ಕರೆದರೆ ಹೆದರಬೇಡಿ, ಸುಮ್ನೆ ಸಹಿಯನ್ನೂ ಹಾಕಬೇಡಿ. ಕಾಸರಗೋಡಿನ ನಮ್ಮವರ ಫೈಲಿನಲ್ಲಿ ಮಲಯಾಳ, ಇಂಗ್ಲಿಷ್ ಎರಡೇ ಇರುವುದನ್ನು ಎಷ್ಟೋ ಸಲ ನೋಡಿ ಬೇಸರಪಟ್ಟಿದ್ದೇನೆ. ಒಪ್ಪಿಗೆ ಪತ್ರ ನಿಮಗೆ ತಿಳಿಯುವ ಭಾಷೆಯಲ್ಲೇ ಇರಬೇಕು, ಅದು ನಿಯಮ. ಕನ್ನಡದಲ್ಲಿ ಕೊಡಿ ಎಂದು ಕೇಳಿ. ನಡುವೆ ಬಿಟ್ಟು ಬರುವ ಹಕ್ಕೂ ನಿಮ್ಮದೇ.

ಅವರು ತೋಟ ಮಾರಲಿಲ್ಲ. ಮೂರು ವಾರಕ್ಕೊಮ್ಮೆ ಬರುತ್ತಿದ್ದಾರೆ. ಮಳೆಗಾಲದ ಆಟಿ ತಿಂಗಳಲ್ಲಿ ಒಮ್ಮೆ ತಡವಾಗಿ ಬಂದರು. ಕೇಳಿದರೆ, "ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡಿಸ್ಲಿಕ್ಕಿತ್ತು ಡಾಕ್ಟ್ರೇ" ಎಂದರು.