ರೆಕ್ಕೆ ಇದೆಯಲ್ಲ, ಹಾರಿ ಹೋಗುತ್ತೆ ಬಿಡಿ!

ಮರ ಕಡಿಯುವ ವಿಷಯ ಬಂದಾಗಲೆಲ್ಲ ಯಾರಾದರೊಬ್ಬರು ಈ ಮಾತು ಹೇಳಿಯೇ ಹೇಳುತ್ತಾರೆ: "ಹಕ್ಕಿಗೇನು, ರೆಕ್ಕೆ ಇದೆ, ಪಕ್ಕದ ಕಾಡಿಗೆ ಹೋಗುತ್ತೆ." ಕೇಳಿದರೆ ಮೈ ಉರಿಯುತ್ತದೆ. ಈಗ ಅಮೆರಿಕದಲ್ಲಿ ಕಾನೂನೇ ಹೆಚ್ಚುಕಡಿಮೆ ಈ ಕಡೆಗೆ ವಾಲುತ್ತಿದೆ.

ಅಲ್ಲಿ ಅಳಿವಿನಂಚಿನ ಜೀವಿಗಳಿಗಾಗಿ 1973ರ ಒಂದು ಕಾಯ್ದೆ ಇದೆ. ಸಹಿ ಹಾಕಿದ್ದು ಆಗಿನ ಅಧ್ಯಕ್ಷ ನಿಕ್ಸನ್. ಕೆಳಮನೆಯ ಕೊನೆಯ ಮತದಾನದಲ್ಲಿ ಪರವಾಗಿ 355, ವಿರುದ್ಧ ಬರೀ 4. ಇವತ್ತು ಅಲ್ಲಿ ಯಾವ ವಿಷಯಕ್ಕಾದರೂ ಇಷ್ಟು ಒಮ್ಮತ ಸಿಗುತ್ತದೆಯೇ? ಪಟ್ಟಿಯಲ್ಲಿರುವ ಪ್ರಾಣಿಯನ್ನು ಅಟ್ಟಬಾರದು, ಗುಂಡಿಕ್ಕಬಾರದು, ಹಿಡಿಯಬಾರದು ಅಂತ ಸಾಲುಸಾಲು ಕ್ರಿಯಾಪದಗಳು, ಅವುಗಳ ನಡುವೆ ‘ಹಾರ್ಮ್’ ಅನ್ನುವ ಪುಟ್ಟ ಪದ. ಅಂದರೆ ಹಾನಿ. ಪ್ರಾಣಿಯ ನೆಲೆಯನ್ನು ಹಾಳುಮಾಡಿ ಅದು ಸಾಯುವಂತೆ ಮಾಡಿದರೆ ಅದೂ ಹಾನಿಯೇ ಅಂತ ಸರ್ಕಾರದ ನಿಯಮ 1975ರಿಂದ ಹೇಳುತ್ತಾ ಬಂತು. ಮರದ ಉದ್ಯಮ ನಂಬಿಕೊಂಡವರು ಕೋರ್ಟಿಗೆ ಹೋದರು. 1995ರಲ್ಲಿ ಸುಪ್ರೀಂ ಕೋರ್ಟ್ 6-3ರಲ್ಲಿ ನಿಯಮವನ್ನು ಎತ್ತಿಹಿಡಿಯಿತು. ಒಪ್ಪದ ನ್ಯಾಯಮೂರ್ತಿ ಸ್ಕಲಿಯಾ, ಕೊಂದೋ ಹಿಡಿದೋ ಪ್ರಾಣಿಯನ್ನು ವಶ ಮಾಡಿಕೊಳ್ಳುವುದನ್ನು ಮಾತ್ರ ಈ ಕಾಯ್ದೆ ತಡೆಯುತ್ತದೆ ಅಂತ ಬರೆದರು. 2025ರ ಏಪ್ರಿಲ್‌ನಲ್ಲಿ ಟ್ರಂಪ್ ಸರ್ಕಾರ ಅದೇ ವಾದ ಹಿಡಿದು, ಹಾನಿಯ ಆ ವಿವರಣೆಯನ್ನೇ ಕಿತ್ತುಹಾಕುವ ಪ್ರಸ್ತಾಪ ತಂದಿತು. (ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಅನ್ನುವ ಪದದೊಳಗೆ ಹಕ್ಕಿಯ ಗೂಡು ಕೆಡಿಸುವುದೂ ಸೇರಿದೆ. ನೋಡಿ, ಪದಗಳ ಹೊಟ್ಟೆ ಎಷ್ಟು ದೊಡ್ಡದು!)

1995ರ ಕೇಸಿನಲ್ಲಿದ್ದ ಹಕ್ಕಿಗಳಲ್ಲಿ ಒಂದು ರೆಡ್-ಕಾಕೇಡೆಡ್ ಮರಕುಟಿಗ. ಹೆಸರಲ್ಲಿ ಕೆಂಪು ಇದ್ದರೂ ಗಂಡಿನ ತಲೆಯ ಪಕ್ಕದಲ್ಲಿ ಕಂಡೂ ಕಾಣದ ಒಂದು ಗೀಟು, ಅಷ್ಟೇ. ಆದರೆ ಇದರ ಮನೆ ಕಟ್ಟುವ ಕತೆ ಕೇಳಬೇಕು.

ಬೇರೆ ಮರಕುಟಿಗಗಳು ಸತ್ತ, ಲಡ್ಡಾದ ಮರ ಹುಡುಕುತ್ತವೆ. ಇದು ಜೀವಂತ ಪೈನ್ ಮರದಲ್ಲೇ ಕೊರೆಯುತ್ತದೆ. ಮರದ ಹೊರಭಾಗ ಹಸಿ, ಕೊರೆದರೆ ರಾಳ ಜಿನುಗುತ್ತದೆ. ಕೈಗೆ ಎಣ್ಣೆ ಹಚ್ಚಿಕೊಳ್ಳದೆ ಹಲಸಿನಹಣ್ಣು ಬಿಡಿಸಿದವರಿಗೆ ಹಕ್ಕಿಯ ಪಾಡು ಗೊತ್ತಾಗುತ್ತದೆ. ಅದಕ್ಕೆ ಒಳಗಿನ ಚೇಗು ತಲುಪಬೇಕು, ಅಲ್ಲಿ ರಾಳದ ಕಾಟವಿಲ್ಲ. ಆದರೆ ಚೇಗು ಕಲ್ಲಿನ ಹಾಗೆ ಗಟ್ಟಿ. ಒಂದು ಬಗೆಯ ಶಿಲೀಂಧ್ರ ತಗುಲಿ ಅದು ಮೆತ್ತಗಾಗಿರಬೇಕು, ಗೂಡು ಹಿಡಿಸುವಷ್ಟು ದಪ್ಪವೂ ಇರಬೇಕು. ಇದೆಲ್ಲ ಕೂಡಿ ಬರಲು ಮರಕ್ಕೆ ಸುಮಾರು 80 ವರ್ಷವಾದರೂ ಆಗಿರಬೇಕು. ಕೊರೆಯುವುದಕ್ಕೆ ಮತ್ತೆ ವರ್ಷಗಳು. ಸೈಟು ಸಿಕ್ಕ ಮೇಲೆ ಅಡಿಪಾಯಕ್ಕೇ ಹತ್ತು ಮಳೆಗಾಲ ಕಳೆದ ಮನೆಗಳಿಲ್ಲವೇ, ಹಾಗೆ.

ಗೂಡಾದ ಮೇಲೂ ಕೆಲಸ ಮುಗಿಯದು. ಬಾಗಿಲಿನ ಸುತ್ತ ಸಣ್ಣ ತೂತು ಕೊರೆದು ಬೇಕಂತಲೇ ರಾಳ ಹರಿಸುತ್ತದೆ. ಮರ ಹತ್ತಿ ಬರುವ ಹಾವು ಆ ಅಂಟಿಗೆ ಹೆದರಿ ವಾಪಸ್! ಕೆಲವು ಗಂಡುಮರಿಗಳು ದೊಡ್ಡವಾದರೂ ಮನೆ ಬಿಡದೆ ತಮ್ಮ-ತಂಗಿಯರನ್ನು ಸಾಕುತ್ತಾ ಉಳಿಯುತ್ತವೆ. ಹೊಸ ಗೂಡು ಮಾಡುವುದಕ್ಕಿಂತ ಅಪ್ಪನ ಗೂಡಿಗೆ ಕಾಯುವುದೇ ಲಾಭ. ಈಗ ಹೇಳಿ, ಇಂಥ ಹಕ್ಕಿ ಹಾರಿ ಹೋಗಬೇಕಾದರೂ ಎಲ್ಲಿಗೆ? ಅದರ ಉದ್ದೆಲೆ ಪೈನ್ ಕಾಡು ಒಂದು ಕಾಲಕ್ಕೆ ಸುಮಾರು 9 ಕೋಟಿ ಎಕರೆ ಇತ್ತು, ಬಹುಪಾಲು ಹೋಗಿದೆ.

ಹಾಗಂತ ಜಮೀನುದಾರರ ದೂರು ಸುಳ್ಳಲ್ಲ. ಹಕ್ಕಿ ಬಂದು ಕೂತರೆ ತಮ್ಮ ಮರಕ್ಕೆ ತಾವೇ ಕೈ ಹಚ್ಚುವಂತಿಲ್ಲ ಅಂತ ನಾರ್ತ್ ಕ್ಯಾರೊಲೈನಾದಲ್ಲಿ ಕೆಲವರು ಮರ ಬಲಿಯುವ ಮೊದಲೇ ಕಡಿದುಬಿಟ್ಟರು. ಹಕ್ಕಿಯನ್ನು ಉಳಿಸಬೇಕಾದ ಕಾನೂನೇ ಕೊಡಲಿ ಎತ್ತಿಸಿತು! ಅದಕ್ಕೆ ಮದ್ದನ್ನೂ ಅಲ್ಲೇ 1995ರಲ್ಲಿ ಕಂಡುಕೊಂಡರು: ಈಗಿರುವ ಹಕ್ಕಿಗಳನ್ನು ನೋಡಿಕೊಳ್ಳಿ, ನಿಮ್ಮ ಆರೈಕೆಯಿಂದ ಜಾಸ್ತಿ ಬಂದರೆ ಹೊಸ ನಿರ್ಬಂಧ ಹಾಕಲ್ಲ ಅಂತ ಒಪ್ಪಂದ. ಕಾಯ್ದೆಗೆ ತೇಪೆ ಹಾಕುವುದು ಬೇರೆ, ಬಟ್ಟೆಯನ್ನೇ ಹರಿಯುವುದು ಬೇರೆ ಅಲ್ವಾ?

ಹರಿದ ಕತೆಯೂ ಹಳೆಯದೇ. ಟೆನೆಸ್ಸಿಯಲ್ಲಿ ಸ್ನೇಲ್ ಡಾರ್ಟರ್ ಅನ್ನುವ ಬೆರಳುದ್ದದ ಮೀನಿಗಾಗಿ 1978ರಲ್ಲಿ ಸುಪ್ರೀಂ ಕೋರ್ಟ್ ಮುಗಿಯುತ್ತಾ ಬಂದಿದ್ದ ಟೆಲಿಕೋ ಅಣೆಕಟ್ಟನ್ನೇ ನಿಲ್ಲಿಸಿತು. ಮರುವರ್ಷ ಸಂಸತ್ತು ಖರ್ಚಿನ ಮಸೂದೆಯೊಂದರ ಬಾಲಕ್ಕೆ ವಿನಾಯಿತಿ ಕಟ್ಟಿ ಅಣೆಕಟ್ಟು ಮುಗಿಸಿತು. ಮೀನು ಬದುಕಿದ್ದು ಬೇರೆ ಹೊಳೆಗಳಲ್ಲಿ.

ಮರಕುಟಿಗದ ಲೆಕ್ಕ ಮಾತ್ರ ಮೇಲಕ್ಕೆ ಹೋಗಿದೆ. 1970ರ ದಶಕದ ಕೊನೆಯಲ್ಲಿ ಸುಮಾರು 1,470 ಗುಂಪುಗಳಿದ್ದವು, ಈಗ 7,800ರ ಆಸುಪಾಸು. 2024ರಲ್ಲಿ ಅದನ್ನು ತೀವ್ರ ಅಪಾಯದ ಪಟ್ಟಿಯಿಂದ ಒಂದು ಮೆಟ್ಟಿಲು ಕೆಳಗಿಳಿಸಿದರು. 1989ರಲ್ಲಿ ಹ್ಯೂಗೊ ಚಂಡಮಾರುತ ಸೌತ್ ಕ್ಯಾರೊಲೈನಾದ ಒಂದು ಕಾಡಿನಲ್ಲಿ ಗೂಡಿನ ಮರಗಳನ್ನು ಹೆಚ್ಚುಕಡಿಮೆ ನೆಲಸಮ ಮಾಡಿದಾಗ, ಅರಣ್ಯದವರು ಉಳಿದ ಮರಗಳ ಕಾಂಡವನ್ನು ಗರಗಸದಿಂದ ಕೊರೆದು ಮರದ ಪೆಟ್ಟಿಗೆ ಕೂರಿಸಿದರು. ಹಕ್ಕಿಗಳು ಬಂದು ಸೇರಿಕೊಂಡವು. ಆದರೆ ಆ ಪೆಟ್ಟಿಗೆ ಕೂರಿಸುವುದಕ್ಕೂ ಬಲಿತ, ದಪ್ಪ ಮರವೇ ಬೇಕು.