ನೋವಿಲ್ಲ, ಆದರೆ ಬೆಳೀತಾ ಇದೆ

"ಡಾಕ್ಟ್ರೇ, ಏನೂ ನೋವಿಲ್ಲ, ಸುಮ್ನೆ ದೊಡ್ಡದಾಗ್ತಾ ಇದೆ ಅಷ್ಟೆ." ಚರ್ಮರೋಗದ ಒಪಿಡಿಯಲ್ಲಿ ಈ ಮಾತು ಕಿವಿಗೆ ಬಿದ್ದರೆ ನಾನು ಬರೆಯುತ್ತಿದ್ದ ಚೀಟಿ ಪಕ್ಕಕ್ಕಿಡುತ್ತೇನೆ. ನೋವಿಲ್ಲವೆಂದು ರೋಗಿ ನೆಮ್ಮದಿಯಿಂದಿರುತ್ತಾರೆ. ಆದರೆ ಕುರು ಎದ್ದರೆ ನೋಯುತ್ತದೆ, ಕೀವು ಒಡೆದು ಒಂದೆರಡು ವಾರದಲ್ಲಿ ಮುಗಿಯುತ್ತದೆ. ನೋಯದೆ, ಮಾಯದೆ, ತಿಂಗಳು ತಿಂಗಳಿಗೂ ಅಂಚು ಹಿಗ್ಗಿಸಿಕೊಳ್ಳುತ್ತಾ ಹೋಗುವುದರ ದಾರಿ ಬೇರೆ.

ಮಲೆನಾಡು, ಕರಾವಳಿಯ ತೋಟಗಳಲ್ಲಿ ಬರಿಗಾಲಲ್ಲಿ ಕೆಲಸ ಮಾಡುವವರ ಪಾದದ ಮೇಲೋ ಮೊಣಕಾಲಿನ ಕೆಳಗೋ ಏಳುವ ಒರಟು ಗಂಟನ್ನೇ ನೋಡಿ. ಮುಟ್ಟಿದರೆ ನರೂಲಿಯ ಹಾಗೆ ಗರಗರ. ಎಂದೋ ಮುಳ್ಳು ಚುಚ್ಚಿದ ನೆನಪು, ಕೆಲವರಿಗೆ ಅದೂ ಇಲ್ಲ. ಮೊದಲು ಗೇರುಸಿಪ್ಪೆಯ ಎಣ್ಣೆ ಹಚ್ಚಿ ಸುಟ್ಟುಕೊಂಡಿರುತ್ತಾರೆ. ಆಮೇಲೆ ಮೆಡಿಕಲ್ ಶಾಪಿನ ಟ್ಯೂಬು. ಅದು ಮುಗಿದರೆ ಇನ್ನೊಂದು ಟ್ಯೂಬು. ನಮ್ಮಲ್ಲಿಗೆ ಬರುವಷ್ಟರಲ್ಲಿ ಒಂದೆರಡು ವರ್ಷ ಕಳೆದು, ಕಡಲೆಕಾಳಿನಷ್ಟಿದ್ದದ್ದು ಅಂಗೈಯಗಲ ಆಗಿರುತ್ತದೆ.

ಈ ಒಂದೇ ಚಹರೆಯ ಹಿಂದೆ ಕನಿಷ್ಠ ಮೂರು ರೋಗಗಳಿರಬಹುದು. ಒಂದು, ಕ್ರೋಮೋಬ್ಲಾಸ್ಟೋಮೈಕೋಸಿಸ್. ಮಣ್ಣಿನಲ್ಲಿ, ಕೊಳೆತ ಕಟ್ಟಿಗೆಯಲ್ಲಿ, ಮುಳ್ಳಿನ ಮೇಲೆ ಬದುಕುವ ಕಪ್ಪು ಬಣ್ಣದ ಶಿಲೀಂಧ್ರ ಗಾಯದ ಮೂಲಕ ಚರ್ಮದೊಳಗೆ ಹೊಕ್ಕು ನಿಧಾನವಾಗಿ ಹಬ್ಬುತ್ತದೆ. ಎರಡು, ಚರ್ಮದ ಟಿಬಿ. "ಕೆಮ್ಮೇ ಇಲ್ಲ, ಟಿಬಿ ಎಲ್ಲಿಂದ ಬಂತು?" ಎಂದು ಮನೆಯವರು ಗಾಬರಿಯಾಗುತ್ತಾರೆ. ಟಿಬಿ ಕ್ರಿಮಿ ಗಾಯದಿಂದಲೂ ಚರ್ಮಕ್ಕೆ ಇಳಿಯಬಲ್ಲದು, ಆಗ ಕೆಮ್ಮು ಇರಲೇಬೇಕೆಂದಿಲ್ಲ. ಮೂರು, ಸ್ಕ್ವಾಮಸ್ ಕೋಶಗಳ, ಅಂದರೆ ಚರ್ಮದ ಮೇಲ್ಪದರದ ಚಪ್ಪಟೆ ಕೋಶಗಳ ಕ್ಯಾನ್ಸರ್. ಹಳೆಯ ಸುಟ್ಟ ಕಲೆ, ವರ್ಷಗಟ್ಟಲೆ ಮಾಯದ ಹುಣ್ಣು ಇದ್ದ ಜಾಗವೆಂದರೆ ಇದಕ್ಕೆ ಇಷ್ಟ.

ಚಿಕಿತ್ಸೆಗಳು ಒಂದಕ್ಕೊಂದು ಸಂಬಂಧವೇ ಇಲ್ಲ. ಶಿಲೀಂಧ್ರಕ್ಕೆ ಇಟ್ರಾಕೊನಜೋಲ್‌ನಂಥ ಮಾತ್ರೆ ತಿಂಗಳುಗಟ್ಟಲೆ, ಹಲವರಿಗೆ ವರ್ಷದವರೆಗೂ ಬೇಕು. ಗಂಟು ಚಿಕ್ಕದಿದ್ದಾಗಲೇ ಬಂದರೆ ಕತ್ತರಿಸಿ ತೆಗೆದೇ ಮುಗಿಸಬಹುದು. ಟಿಬಿಗೆ ಸಾಮಾನ್ಯವಾಗಿ 6 ತಿಂಗಳ ಔಷಧಿ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕ್ಯಾನ್ಸರಿಗೆ ಮೊದಲ ದಾರಿ ಶಸ್ತ್ರಚಿಕಿತ್ಸೆ. ಹಾಗಾಗಿ ಬರೀ ನೋಡಿ "ಇಂಥದ್ದೇ" ಎಂದು ಹೇಳುವ ಧೈರ್ಯ ನನಗಂತೂ ಇಲ್ಲ. ಮೇಲಿನ ಕಪ್ಪು ಚುಕ್ಕೆಗಳನ್ನು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಸೂಕ್ಷ್ಮದರ್ಶಕದಡಿ ನೋಡಿದಾಗ ಕಂದು ಬಣ್ಣದ ದುಂಡು ಕೋಶಗಳು ಕಂಡರೆ ಶಿಲೀಂಧ್ರ ಅಲ್ಲೇ ಸಿಕ್ಕಿಬಿದ್ದಂತೆ. ಕಾಣದಿದ್ದರೆ ಬಯಾಪ್ಸಿ, ಅಂದರೆ ತುಂಡು ಪರೀಕ್ಷೆ.

ಇಲ್ಲಿಯೇ ಅರ್ಧ ಜನ ಎದ್ದು ಹೊರಡುವುದು. "ಕತ್ತರಿ ತಾಗಿದ್ರೆ ಕ್ಯಾನ್ಸರ್ ಆಗುತ್ತಂತೆ, ಹರಡುತ್ತಂತೆ." ತುಂಡು ತೆಗೆದದ್ದರಿಂದ ಕ್ಯಾನ್ಸರ್ ಹುಟ್ಟುವುದಿಲ್ಲ. ಮೊದಲೇ ಇದ್ದ ಕ್ಯಾನ್ಸರ್ ವರದಿಯಲ್ಲಿ ಕಾಣಿಸಿಕೊಂಡಾಗ ಅಪವಾದ ಕತ್ತರಿಯ ತಲೆಗೆ ಬರುತ್ತದೆ. ತೆಗೆಯುವುದಾದರೂ ಎಷ್ಟು? ಜಾಗಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಹೆಚ್ಚಾಗಿ ನಾಲ್ಕೈದು ಮಿಲಿಮೀಟರ್ ಅಗಲದ ಚೂರು. ಒಂದೆರಡು ಹೊಲಿಗೆ. ಅವತ್ತೇ ಮನೆಗೆ. ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ.

ಇನ್ನೊಂದು ಮಾತು, ರೋಗಿಗಳಿಗಿಂತ ಹೆಚ್ಚಾಗಿ ನಮ್ಮ ಕಿರಿಯ ವೈದ್ಯರಿಗೆ. ತುಂಡನ್ನು ಇಡಿಯಾಗಿ ಫಾರ್ಮಲಿನ್‌ಗೆ, ಅಂದರೆ ತುಂಡು ಕೆಡದಂತೆ ಇಡುವ ದ್ರಾವಣಕ್ಕೆ ಹಾಕಿದರೆ ಅದರಲ್ಲಿರುವ ಕ್ರಿಮಿ ಸಾಯುತ್ತದೆ, ಕಲ್ಚರ್‌ಗೆ, ಅಂದರೆ ಲ್ಯಾಬಿನಲ್ಲಿ ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆಗೆ ಏನೂ ಉಳಿಯುವುದಿಲ್ಲ. ಸೋಂಕಿನ ಅನುಮಾನವಿದ್ದರೆ ಇನ್ನೊಂದು ಚೂರು ಶುದ್ಧ ಸಲೈನ್‌ನಲ್ಲಿ ಹೋಗಬೇಕು. ಹಾಗೆ ಕಳಿಸಿದರೂ ಚರ್ಮದ ಟಿಬಿಯಲ್ಲಿ ಕ್ರಿಮಿಗಳು ಬಹಳ ಸಲ ಬೆರಳೆಣಿಕೆಯಷ್ಟು; ಆರೆಂಟು ವಾರ ಕಾದರೂ ಕಲ್ಚರ್ ಬರಿದಾಗಿರಬಹುದು. ಆದ್ದರಿಂದ ಫಾರ್ಮಲಿನ್‌ನ ಚೂರು, ಸಲೈನ್‌ನ ಚೂರು ಎರಡೂ ಬೇಕು.

ಟ್ಯೂಬಿನ ವಿಚಾರಕ್ಕೆ ಬರುತ್ತೇನೆ. ಕೌಂಟರಿನಲ್ಲಿ ಕೇಳಿದ ಕೂಡಲೇ ಕೈಗೆ ಬರುವ ಮಿಶ್ರ ಮುಲಾಮುಗಳಲ್ಲಿ ಬಹಳಷ್ಟರಲ್ಲಿ ಕ್ಲೋಬೆಟಸಾಲ್‌ನಂಥ ಗಟ್ಟಿ ಸ್ಟೀರಾಯ್ಡ್ ಇರುತ್ತದೆ. ಹಚ್ಚಿದ ನಾಲ್ಕು ದಿನ ಕೆಂಪು ಇಳಿದು ತುರಿಕೆ ನಿಲ್ಲುತ್ತದೆ, "ಒಳ್ಳೇ ಔಷಧಿ" ಎಂದು ಪಕ್ಕದ ಮನೆಗೂ ಹೆಸರು ಹೋಗುತ್ತದೆ. ಒಳಗಿನ ಸೋಂಕಿಗೆ ಮಾತ್ರ ಅದು ಹಸಿರು ನಿಶಾನೆ. ಗಜಕರ್ಣವೂ ಹೀಗೆ ಉಂಗುರದ ಆಕಾರ ಕಳೆದುಕೊಂಡು, ನಮಗೇ ಗುರುತು ಸಿಗದ ಹಾಗೆ ವೇಷ ಬದಲಿಸಿ ಬರುತ್ತದೆ. ಖಾಲಿ ಟ್ಯೂಬುಗಳನ್ನು ಎಸೆಯಬೇಡಿ, ತನ್ನಿ. ಬೈಯುವುದಕ್ಕಾಗಿ ಕೇಳುತ್ತಿಲ್ಲ, ಯಾವುದು ಹಚ್ಚಿದ್ದೀರೆಂದು ತಿಳಿಯದೆ ವರದಿ ಓದುವುದೂ ಕಷ್ಟ. ಬರುವ ದಿನ ಅರಿಶಿನ, ಸುಣ್ಣ, ನೇರಳೆ ಔಷಧಿ ಯಾವುದೂ ಬೇಡ.

ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಕಳಿಸಿ "ಏನಿರಬಹುದು ಸಾರ್?" ಎನ್ನುವವರಿಗೂ ನನ್ನ ಉತ್ತರ ಒಂದೇ, ಬನ್ನಿ. ಫೋಟೋದಲ್ಲಿ ಮುಟ್ಟಿ ನೋಡಲಾಗದು, ಸ್ಪರ್ಶಜ್ಞಾನ ಇದೆಯೋ ಇಲ್ಲವೋ ತಿಳಿಯದು. ಸ್ಪರ್ಶವಿಲ್ಲದ ಮಚ್ಚೆಯೆಂದರೆ ಕುಷ್ಠರೋಗದ ಯೋಚನೆ ಬರಲೇಬೇಕು. ಆದರೂ ಫೋಟೋ ತೆಗೆದಿಡುವುದು ಒಳ್ಳೆಯದೇ: ಹಗಲು ಬೆಳಕಿನಲ್ಲಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು, ತಿಂಗಳಿಗೊಮ್ಮೆ. "ಸ್ವಲ್ಪ ದೊಡ್ಡದಾಗಿದೆ" ಎಂಬ ಮಾತಿಗಿಂತ ಆ ನಾಣ್ಯ ನನಗೆ ಹೆಚ್ಚು ಹೇಳುತ್ತದೆ.

ಕೆಲವಕ್ಕೆ ತಿಂಗಳು ಕಾಯುವ ಮಾತೇ ಇಲ್ಲ. ಅಂಗಾಲು, ಅಂಗೈ, ಉಗುರಿನ ಬುಡದಲ್ಲಿ ಹೊಸದಾಗಿ ಕಂಡು ಹರಡುತ್ತಿರುವ ಕಪ್ಪು ಅಂಥದ್ದು. ನಮ್ಮ ಬಣ್ಣದ ಚರ್ಮದವರಿಗೆ ಮೆಲನೋಮ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್, ಅಪರೂಪ, ಬಂದರೆ ಹೆಚ್ಚಾಗಿ ಬರುವುದು ಬಿಸಿಲೇ ತಾಗದ ಈ ಜಾಗಗಳಲ್ಲಿ. ಗಾಯಕ ಬಾಬ್ ಮಾರ್ಲಿಯ ಕಾಲ್ಬೆರಳ ಉಗುರಿನಡಿ 1977ರಲ್ಲಿ ಪತ್ತೆಯಾದದ್ದು ಇದೇ. 1981ರಲ್ಲಿ 36ನೇ ವಯಸ್ಸಿಗೆ ತೀರಿಕೊಂಡರು. ಮುಖದ ಮೇಲೆ ಹಕ್ಕಳೆ ಕಟ್ಟಿ ಉದುರಿ, ಮತ್ತೆ ಕಟ್ಟುತ್ತಾ ಅಂಚಿನಲ್ಲಿ ಮುತ್ತಿನಂತೆ ಹೊಳೆಯುವ ಕಪ್ಪು ಗುಳ್ಳೆಯನ್ನೂ ತೋರಿಸಿ. ಬೇಸಲ್ ಕೋಶದ ಆ ಕ್ಯಾನ್ಸರ್ ದೂರಕ್ಕೆ ಹರಡುವುದು ತೀರಾ ಕಡಿಮೆ, ಆದರೆ ಬಿಟ್ಟರೆ ಮೂಗು, ರೆಪ್ಪೆಯನ್ನೇ ತಿನ್ನುತ್ತದೆ.

ವರದಿ ಬಂತು, ಅದರಲ್ಲಿ "ನಿರ್ದಿಷ್ಟವಲ್ಲದ ಉರಿಯೂತ" ಎಂದಷ್ಟೇ ಇದೆ, ಗಂಟು ಮಾತ್ರ ಬೆಳೆಯುತ್ತಲೇ ಇದೆ. ಆಗ ಸುಮ್ಮನಾಗಬೇಡಿ. ಚೂರು ಮೇಲುಮೇಲಿನದಾಗಿರಬಹುದು, ಇನ್ನೂ ಆಳದಿಂದ ಮತ್ತೊಮ್ಮೆ ತೆಗೆಯಬೇಕಾಗಬಹುದು. ಇನ್ನೊಬ್ಬ ತಜ್ಞರ ಅಭಿಪ್ರಾಯವಷ್ಟೇ ಬೇಕಿದ್ದರೆ ಮತ್ತೆ ಸೂಜಿ ಚುಚ್ಚಿಸಿಕೊಳ್ಳುವ ಅಗತ್ಯವಿಲ್ಲ. ನಿಮ್ಮ ತುಂಡನ್ನು ಲ್ಯಾಬಿನವರು ಮೇಣದ ಬ್ಲಾಕ್ ಮಾಡಿ ಇಟ್ಟಿರುತ್ತಾರೆ. ವರದಿಯ ಮೇಲಿರುವ ಸಂಖ್ಯೆ ಹೇಳಿ ಬ್ಲಾಕ್, ಅದರಿಂದ ತೆಳುವಾಗಿ ಸೀಳಿ ಗಾಜಿನ ಮೇಲೆ ಅಂಟಿಸಿದ ಸ್ಲೈಡ್ ಎರಡನ್ನೂ ಕೇಳಿ ಪಡೆಯಿರಿ.