ತಲೆನೋವು ಶುರುವಾಗಿ ಎಷ್ಟು ದಿನ ಆಯ್ತು?

ಬೈತಕೋಲ ಬಂದರಿನಿಂದ ಬೋಟಿಗೆ ಹೋಗುವ ಹುಡುಗ. ಜ್ವರ, ತಲೆನೋವು, ಆಗಾಗ ವಾಂತಿ. ಕೆಮ್ಮು ಇಲ್ಲ, ಎದೆಯ ಎಕ್ಸ್‌ರೇ ಸರಿಯಾಗಿಯೇ ಇತ್ತು. "ಡಾಕ್ಟ್ರೇ, ಸುಮ್ನೆ ಕೂತಿರ್ತಾನೆ, ಕರೆದ್ರೂ ತಿರುಗಿ ನೋಡಲ್ಲ" ಎಂದರು ಅವನಮ್ಮ. ಯಾವಾಗಿನಿಂದ ಎಂದು ಕೇಳಿದೆ. "ಚೌತಿಯಿಂದ." ಅಂದರೆ ಮೂರು ವಾರ.

ಕಾರವಾರದ ಮಳೆಗಾಲದಲ್ಲಿ ಜ್ವರ ಎಂದರೆ ಮೊದಲು ಡೆಂಗಿ, ಇಲಿ ಜ್ವರ ನೆನಪಾಗುತ್ತವೆ. ಅವು ಜಾಸ್ತಿ ದಿನ ಎಳೆಯುವುದಿಲ್ಲ. ಮಿದುಳಿನ ಪೊರೆಗೆ ತಗಲುವ ಟಿಬಿ ಹಾಗಲ್ಲ, ತೆವಳಿಕೊಂಡು ಬರುತ್ತದೆ. ಜ್ವರದ ಜೊತೆ ತಲೆನೋವು ಐದು ದಿನ ದಾಟಿದರೆ ನನಗೆ ಅನುಮಾನ ಶುರು. ಸ್ವಭಾವ ಬದಲಾದರೆ, ಒಂದು ಎರಡಾಗಿ ಕಂಡರೆ ಇನ್ನೂ ಜಾಸ್ತಿ.

ಪರೀಕ್ಷೆಗೆ ಮಿದುಳು, ಬೆನ್ನುಹುರಿಯ ಸುತ್ತಲಿನ ನೀರನ್ನು ಬೆನ್ನಿನಿಂದ ತೆಗೆಯಬೇಕು ಎಂದ ಕೂಡಲೇ ಮನೆಯವರ ಮುಖ ಸಣ್ಣದಾಗುತ್ತದೆ. ಕಾಲು ಬಿದ್ದುಹೋಗುತ್ತದೆ ಎಂಬ ಭಯ. ಆದರೆ ಸೂಜಿ ಹೋಗುವುದು ಬೆನ್ನುಹುರಿ ಮುಗಿದ ಜಾಗದ ಕೆಳಗೆ, ಹುರಿಗೆ ತಾಗುವುದಿಲ್ಲ. ಈ ಹುಡುಗನಿಗೆ ಮಂಪರು ಇದ್ದದ್ದರಿಂದ ಮೊದಲು ತಲೆಯ ಸಿ.ಟಿ. ಸ್ಕ್ಯಾನ್ ಮಾಡಿಸಿದೆವು. ನೀರು ನೋಡಲು ತಿಳಿಯಾಗಿತ್ತು. ಅದನ್ನು ನಂಬಬಾರದು. ಒಳಗೆ ಟಿಬಿಯ ಗುರುತುಗಳಿದ್ದವು: ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಜಾಸ್ತಿ, ಪ್ರೋಟೀನ್ ಜಾಸ್ತಿ, ಸಕ್ಕರೆ ಮಾತ್ರ ರಕ್ತದಲ್ಲಿರುವುದರ ಅರ್ಧಕ್ಕಿಂತ ಕಡಿಮೆ. ಅದಕ್ಕೇ ರಕ್ತದ ಸಕ್ಕರೆಯನ್ನೂ ಅದೇ ಹೊತ್ತಿಗೆ ನೋಡಬೇಕು. ಎಷ್ಟೋ ಕಡೆ ಇದನ್ನೇ ಮರೆಯುತ್ತಾರೆ.

ಟ್ರೂನ್ಯಾಟ್ ಎಂದರೆ ಟಿಬಿ ರೋಗಾಣು ಹುಡುಕುವ, ನಮ್ಮ ಪಕ್ಕದ ಗೋವಾದಲ್ಲೇ ತಯಾರಾಗುವ ಯಂತ್ರ. ಕೆಲವೇ ಗಂಟೆಗಳಲ್ಲಿ ಉತ್ತರ ಕೊಡುತ್ತದೆ. ಅವನದು ನೆಗೆಟಿವ್ ಬಂತು. ಬೆನ್ನಿನ ನೀರಿನಲ್ಲಿ ಟಿಬಿ ರೋಗಾಣು ತೀರಾ ಕಡಿಮೆ ಇರುತ್ತದೆ, ಹಾಗಾಗಿ ನೆಗೆಟಿವ್ ಬಂದರೆ ಟಿಬಿ ಇಲ್ಲ ಎಂದಲ್ಲ. ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್‌ಗೆ ವಾರಗಟ್ಟಲೆ ಬೇಕು. ಅಷ್ಟು ದಿನ ಕಾದರೆ ಹುಡುಗ ಕೈತಪ್ಪುತ್ತಾನೆ, ಅಲ್ವಾ? ಅದೇ ಸಂಜೆ ಔಷಧಿ ಶುರು ಮಾಡಿದೆವು.

ಮೊದಲ 2 ತಿಂಗಳು ನಾಲ್ಕು ಔಷಧಿ, ಆಮೇಲೆ ಪೈರಜಿನಮೈಡ್ ಬಿಟ್ಟು ಉಳಿದವು. ಒಟ್ಟು ಸುಮಾರು 12 ತಿಂಗಳು. ಸರ್ಕಾರದಿಂದ ಉಚಿತ. ಜೊತೆಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್, ಆರೆಂಟು ವಾರ, ಮೆಲ್ಲಗೆ ಇಳಿಸುತ್ತಾ. 2004ರಲ್ಲಿ ಪ್ರಕಟವಾದ ವಿಯೆಟ್ನಾಮಿನ ಅಧ್ಯಯನದಲ್ಲಿ ಇದರಿಂದ ಸಾವು ನೂರಕ್ಕೆ 41ರಿಂದ 32ಕ್ಕೆ ಇಳಿದಿತ್ತು. ಬದುಕುಳಿದವರ ಅಂಗವೈಕಲ್ಯ ಮಾತ್ರ ಕಡಿಮೆಯಾಗಲಿಲ್ಲ. ಬೇಗ ಶುರು ಮಾಡಿ ಎಂದು ನಾನು ಒದ್ದಾಡುವುದು ಅದಕ್ಕೇ. ಮಿದುಳಿನಲ್ಲಿ ನೀರು ಕಟ್ಟಿಕೊಂಡವರಿಗೆ ಅದನ್ನು ಕೊಳವೆಯಿಂದ ಹೊರಗೆ ಹರಿಸುವ ಶಂಟ್ ಆಪರೇಷನ್ ಬೇಕಾಗಬಹುದು. ಇವನಿಗೆ ಬೇಕಾಗಲಿಲ್ಲ.

ಐದನೇ ತಿಂಗಳಿಗೆ ತಾಯಿ ಬಂದರು. "ಈಗ ಊಟ-ತಿಂಡಿ ಎಲ್ಲಾ ಸರಿ ಮಾಡ್ತಾನೆ. ಮಾತ್ರೆ ಸಾಕಲ್ವಾ?" ಔಷಧಿಯ ಕಾರ್ಡ್ ತಿರುಗಿಸಿ ತೋರಿಸಿದೆ. ಇನ್ನೂ ಏಳು ತಿಂಗಳ ಖಾನೆ ಖಾಲಿ ಇತ್ತು.